ಲಾನ್ ಮೋವರ್‌ಗೆ ಆಯಿಲ್ ಬದಲಿಸುವುದು: ಆ ಅರ್ಧ ಲೀಟರ್ ಯಾಕೆ ಅಷ್ಟು ಮುಖ್ಯ?

ಮೋವರ್ ಇಟ್ಟುಕೊಂಡವರು ಪೆಟ್ರೋಲ್ ಹಾಕುವುದನ್ನು ಮರೆಯುವುದಿಲ್ಲ. ಮರೆತರೆ ಯಂತ್ರ ನಿಂತೇ ಹೋಗುತ್ತದೆ. ಬ್ಲೇಡ್ ಮೊಂಡಾದರೆ ಹುಲ್ಲಿನ ತುದಿ ಹರಿದು ಕಂದುಬಣ್ಣಕ್ಕೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಆಯಿಲ್ ವಿಷಯ ಹಾಗಲ್ಲ. ಅದು ಎಷ್ಟು ಹಳತಾದರೂ ಇಂಜಿನ್ ಸ್ಟಾರ್ಟ್ ಆಗುತ್ತದೆ, ಹುಲ್ಲೂ ಕತ್ತರಿಸುತ್ತದೆ. ಒಳಗೆ ಆಗುತ್ತಿರುವ ಸವೆತ ಹೊರಗೆ ಗೊತ್ತಾಗುವ ಹೊತ್ತಿಗೆ ಕೈಮೀರಿರುತ್ತದೆ.

ಕಾರಿನಲ್ಲಿ ಆಯಿಲ್ ಪಂಪ್ ಇದೆ, ಫಿಲ್ಟರ್ ಇದೆ, ಒತ್ತಡ ಕಡಿಮೆಯಾದರೆ ಉರಿಯುವ ಕೆಂಪು ದೀಪ ಇದೆ. ಕೈಯಲ್ಲಿ ತಳ್ಳಿಕೊಂಡು ಹೋಗುವ ಸಾಮಾನ್ಯ ಮೋವರ್‌ನಲ್ಲಿ ಈ ಮೂರೂ ಇರುವುದಿಲ್ಲ. ಆ ಕೆಲಸವನ್ನೆಲ್ಲ ಅರ್ಧ ಲೀಟರ್ ಆಯಿಲ್ ಮತ್ತು ನಿಮ್ಮ ಕಣ್ಣು ಸೇರಿ ಮಾಡಬೇಕು. ಇದೊಂದು ವಿಷಯ ಮನಸ್ಸಿನಲ್ಲಿದ್ದರೆ ಆಯಿಲ್ ಬದಲಿಸುವ ಒಂದೊಂದು ಹೆಜ್ಜೆಯೂ ಯಾಕೆ ಹಾಗಿದೆ ಅಂತ ತಾನಾಗಿ ಗೊತ್ತಾಗುತ್ತದೆ. ಯಾವುದನ್ನೂ ಬಾಯಿಪಾಠ ಮಾಡಬೇಕಿಲ್ಲ.

ಮೊದಲು ನಿಮ್ಮ ಯಂತ್ರ ಯಾವುದು ಅಂತ ನೋಡಿಕೊಳ್ಳಿ. ಕರೆಂಟು ಅಥವಾ ಬ್ಯಾಟರಿಯಲ್ಲಿ ಓಡುವ ಮೋವರ್‌ಗೆ ಇಂಜಿನ್ ಆಯಿಲ್ ಪ್ರಶ್ನೆಯೇ ಇಲ್ಲ. ಟೂ ಸ್ಟ್ರೋಕ್ ಇಂಜಿನ್ ಆಗಿದ್ದರೆ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕುತ್ತೀರಿ, ಅದು ಪೆಟ್ರೋಲ್ ಜೊತೆಗೇ ಉರಿದುಹೋಗುತ್ತದೆ. ಅಲ್ಲಿ ಬದಲಿಸಲು ಏನೂ ಉಳಿಯುವುದಿಲ್ಲ. ಪೆಟ್ರೋಲಿಗೆ ಒಂದು ಮುಚ್ಚಳ, ಆಯಿಲ್‌ಗೆ ಬೇರೆ ಮುಚ್ಚಳ, ಆ ಮುಚ್ಚಳಕ್ಕೆ ಅಂಟಿಕೊಂಡ ಅಳತೆ ಕಡ್ಡಿ ಇದ್ದರೆ ಅದು ಫೋರ್ ಸ್ಟ್ರೋಕ್. ಈ ಲೇಖನ ಅದರ ಬಗ್ಗೆ.

ಒಳಗೆ ನಡೆಯುವುದೇನು

ತಳ್ಳುವ ಮೋವರ್‌ಗಳಲ್ಲಿ ಬಹುತೇಕ ಇಂಜಿನ್‌ಗಳ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನಿನ ಬಲದಿಂದ ತಿರುಗುವ ಮುಖ್ಯ ದಂಡ) ನೆಟ್ಟಗೆ ನಿಂತಿರುತ್ತದೆ. ಅದರ ಕೆಳತುದಿಗೆ ಬ್ಲೇಡ್ ನೇರವಾಗಿ ಬೋಲ್ಟ್ ಆಗಿರುತ್ತದೆ. ಮೇಲ್ತುದಿಯಲ್ಲಿ ಫ್ಲೈವೀಲ್ ಅನ್ನುವ ಭಾರದ ಚಕ್ರ. ಪಿಸ್ಟನ್ ಅಡ್ಡಡ್ಡ ಓಡಾಡುತ್ತದೆ. ಇಂಜಿನ್ನಿನ ತಳದಲ್ಲಿ ಒಂದು ಸಣ್ಣ ತೊಟ್ಟಿ, ಅದರಲ್ಲಿ ಆಯಿಲ್. ಆಯಿಲ್‌ನಲ್ಲಿ ಅರ್ಧ ಮುಳುಗಿದ ಪುಟ್ಟ ರೆಕ್ಕೆಚಕ್ರವೊಂದು ಗೇರಿನ ಜೊತೆ ತಿರುಗುತ್ತಾ ಆಯಿಲನ್ನು ಸುತ್ತಲೂ ಎರಚುತ್ತದೆ. ಶಾಫ್ಟ್ ಅಡ್ಡ ಮಲಗಿರುವ ಇಂಜಿನ್ ಆದರೆ ಪಿಸ್ಟನ್ನನ್ನು ಆ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ತುದಿಯಲ್ಲೇ ಚಮಚದಂಥ ಒಂದು ಚಾಚು ಇರುತ್ತದೆ. ಪ್ರತಿ ಸುತ್ತಿಗೂ ಅದು ಆಯಿಲ್‌ಗೆ ಮುಳುಗಿ ಎದ್ದು ಚಿಮ್ಮಿಸುತ್ತದೆ. ಎರಡರಲ್ಲೂ ನಡೆಯುವುದು ಒಂದೇ. ಒಳಗೆ ಸಣ್ಣ ಹನಿಗಳ ಮಂಜು ತುಂಬಿಕೊಂಡು, ಆ ಮಂಜೇ ಸಿಲಿಂಡರ್ ಗೋಡೆ, ರಾಡ್, ಕ್ಯಾಮ್, ಬೇರಿಂಗ್ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇಂಥ ಅನೇಕ ಇಂಜಿನ್‌ಗಳಲ್ಲಿ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂದು. ಅದು ಕ್ರ್ಯಾಂಕಿನ ಉಕ್ಕಿನ ಪಿನ್ನನ್ನು ನೇರವಾಗಿ ಹಿಡಿದುಕೊಂಡು ತಿರುಗುತ್ತದೆ. ಮಧ್ಯೆ ಕಾರಿನಲ್ಲಿರುವಂತೆ ಬೇರೆ ಬೇರಿಂಗ್ ಪಟ್ಟಿ ಇರುವುದಿಲ್ಲ. ಅಲ್ಯೂಮಿನಿಯಂಗೂ ಉಕ್ಕಿಗೂ ನಡುವೆ ಇರುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರ, ಅಷ್ಟೇ. ಆ ಪದರ ಕೆಲವು ಕ್ಷಣ ತಪ್ಪಿದರೂ ಲೋಹಕ್ಕೆ ಲೋಹ ಉಜ್ಜಿ ಕಾದು ಅಲ್ಯೂಮಿನಿಯಂ ಪಿನ್ನಿಗೆ ಹಿಡಿದುಕೊಳ್ಳುತ್ತದೆ. ಇಂಜಿನ್ ಸೀಜ್ ಆಯ್ತು ಅನ್ನುವುದು ಇದನ್ನೇ. ವೇಗದಲ್ಲಿದ್ದಾಗ ಹೀಗಾದರೆ ರಾಡ್ ಮುರಿದು ಇಂಜಿನ್ನಿನ ಗೋಡೆಯನ್ನೇ ತೂತು ಮಾಡಿಕೊಂಡು ಹೊರಬರುವುದೂ ಉಂಟು. ಆಮೇಲೆ ರಿಪೇರಿಯ ಮಾತಿಲ್ಲ, ಇಂಜಿನ್ನೇ ಬದಲಿಸಬೇಕು.

ಎಷ್ಟು ದುಡಿಮೆ ಅಂತ ಒಂದು ಲೆಕ್ಕ ಹಾಕೋಣ. ಮೋವರ್ ಇಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಕಾರಿನ ಹಾಗೆ ಸಿಗ್ನಲ್‌ನಲ್ಲಿ ನಿಂತು ಸುಧಾರಿಸಿಕೊಳ್ಳುವುದಿಲ್ಲ. ಸ್ಟಾರ್ಟ್ ಮಾಡಿದಾಗಿನಿಂದ ನಿಲ್ಲಿಸುವವರೆಗೂ ಹೆಚ್ಚುಕಡಿಮೆ ಅದೇ ವೇಗ. 50 ಗಂಟೆ ಓಡಿಸಿದರೆ 90 ಲಕ್ಷ ಸುತ್ತು. ಅಷ್ಟೂ ಸುತ್ತನ್ನು ಅದೇ ಅರ್ಧ ಲೀಟರ್ ಆಯಿಲ್ ಕಾಪಾಡಬೇಕು. ಕಾರಿನಲ್ಲಿ ಮೂರು, ನಾಲ್ಕು ಲೀಟರ್ ಆಯಿಲ್ ಸರದಿಯಲ್ಲಿ ದುಡಿದು, ಫಿಲ್ಟರ್ ಹಾದು ಬರುತ್ತದೆ. ಇಲ್ಲಿ ಸರದಿಯೂ ಇಲ್ಲ, ಫಿಲ್ಟರೂ ಇಲ್ಲ. ಜೊತೆಗೆ ರೇಡಿಯೇಟರ್ ಇಲ್ಲದ, ಗಾಳಿಯಿಂದ ತಣ್ಣಗಾಗುವ ಇಂಜಿನ್. ಸಿಲಿಂಡರ್ ಸುತ್ತಲಿನ ರೆಕ್ಕೆಗಳ ಸಂದಿಯಲ್ಲಿ ಒಣಹುಲ್ಲು ಕಟ್ಟಿಕೊಂಡರೆ ಬಿಸಿ ಇನ್ನೂ ಏರುತ್ತದೆ. ಆಯಿಲ್ ಎಷ್ಟು ಬಿಸಿಯಾಗುತ್ತದೋ ಅಷ್ಟು ಬೇಗ ಗಾಳಿಯಲ್ಲಿನ ಆಮ್ಲಜನಕದ ಜೊತೆ ಸೇರಿ ಕೆಡುತ್ತದೆ. ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ಆಯಿಲ್ ತಜ್ಞರು ಬಳಸುವ ಅಂದಾಜು ಸೂತ್ರ.

ಇದರ ಜೊತೆಗೆ ಬರುವ ಕೊಳೆ ಬೇರೆ. ಪಿಸ್ಟನ್ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಉರಿದ ಹೊಗೆಯಲ್ಲಿ ಸ್ವಲ್ಪ ಕೆಳಗೆ ನುಸುಳಿ ಆಯಿಲ್ ಸೇರುತ್ತದೆ. ಅದರಲ್ಲಿ ಮಸಿ ಇರುತ್ತದೆ, ಉರಿಯದ ಪೆಟ್ರೋಲ್ ಇರುತ್ತದೆ, ನೀರಿನ ಆವಿಯೂ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. ಅದರ ಬಹುಪಾಲು ಸೈಲೆನ್ಸರ್ ಮೂಲಕ ಆವಿಯಾಗಿ ಹೋಗುತ್ತದೆ, ಚೂರುಪಾರು ಒಳಗೆ ಉಳಿಯುತ್ತದೆ. ನೀರು, ಹೊಗೆ, ಹಳಸಿದ ಆಯಿಲ್ ಸೇರಿ ಸಣ್ಣ ಪ್ರಮಾಣದ ಆಮ್ಲಗಳಾಗುತ್ತವೆ. ಅವು ಲೋಹವನ್ನು ತಿನ್ನುತ್ತವೆ. ಹೊಸ ಆಯಿಲ್‌ನಲ್ಲಿ ಈ ಆಮ್ಲವನ್ನು ಕೊಲ್ಲುವ, ಮಸಿಯನ್ನು ತೇಲಿಸಿ ಇಟ್ಟುಕೊಳ್ಳುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಬಳಸಿದಂತೆ ಅವು ಖರ್ಚಾಗುತ್ತವೆ. ಆಯಿಲ್ ಕಪ್ಪಗಾಗಿದೆ ಅಂದರೆ ಕೆಟ್ಟೇ ಹೋಗಿದೆ ಅಂತ ಅಲ್ಲ. ಮಸಿಯನ್ನು ಹಿಡಿದಿಟ್ಟುಕೊಂಡು ಅದು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಆದರೆ ಹಿಡಿದಿಟ್ಟುಕೊಳ್ಳುವುದಕ್ಕೂ ಒಂದು ಮಿತಿ ಇದೆ. ಫಿಲ್ಟರ್ ಇಲ್ಲದ ಇಂಜಿನ್‌ನಿಂದ ಆ ಕೊಳೆ ಹೊರಗೆ ಹೋಗಲು ಇರುವ ದಾರಿ ಒಂದೇ, ಆಯಿಲನ್ನೇ ಹೊರಗೆ ತೆಗೆಯುವುದು.

ಯಾವಾಗ, ಯಾವ ಆಯಿಲ್

ಹೊಸ ಮೋವರ್ ತಂದಿದ್ದರೆ ಮೊದಲ ಸಲದ ಬದಲಾವಣೆ ಬೇಗ. ಬಹಳಷ್ಟು ಕೈಪಿಡಿಗಳು ಮೊದಲ 5 ಗಂಟೆ ಓಡಿದ ಮೇಲೆ ಅನ್ನುತ್ತವೆ. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಸಣ್ಣ ಲೋಹದ ಪುಡಿ ಉದುರುತ್ತದೆ. ಅದು ಆಯಿಲ್‌ನಲ್ಲೇ ಸುತ್ತುತ್ತಾ ಇದ್ದರೆ ಉಜ್ಜುಕಾಗದದ ಕೆಲಸ ಮಾಡುತ್ತದೆ. ನನಗೆ ಕೇಳಿದರೆ ಇಡೀ ಇಂಜಿನ್ನಿನ ಆಯುಷ್ಯದಲ್ಲಿ ತಪ್ಪಿಸಲೇಬಾರದ ಆಯಿಲ್ ಚೇಂಜ್ ಇದು. ಬೇಸರದ ಸಂಗತಿ ಅಂದರೆ ಜಾಸ್ತಿ ಜನ ತಪ್ಪಿಸುವುದೂ ಇದನ್ನೇ. ಹೊಸ ಯಂತ್ರ ಅಲ್ವಾ, ಇಷ್ಟು ಬೇಗ ಯಾಕೆ ಅನ್ನಿಸುತ್ತದೆ.

ಆಮೇಲೆ ಸಾಮಾನ್ಯವಾಗಿ 50 ಗಂಟೆಗೊಮ್ಮೆ, ಇಲ್ಲವೇ ವರ್ಷಕ್ಕೆ ಒಮ್ಮೆಯಾದರೂ. ಯಾವುದು ಮೊದಲು ಬರುತ್ತದೋ ಅದು. ಬಿಸಿಲು ಜಾಸ್ತಿ, ಧೂಳು ಜಾಸ್ತಿ, ಹುಲ್ಲು ಎತ್ತರ ಅಂದರೆ 25 ಗಂಟೆಗೇ ಬದಲಿಸಲು ಹೇಳುತ್ತಾರೆ. 50 ಗಂಟೆ ತೀರಾ ಕಡಿಮೆ ಅನ್ನಿಸಬಹುದು. ಗಂಟೆಗೆ 40 ಕಿಲೋಮೀಟರ್ ಲೆಕ್ಕದಲ್ಲಿ ಕಾರು ಅಷ್ಟು ಹೊತ್ತು ಓಡಿದರೆ 2000 ಕಿಲೋಮೀಟರ್ ಆಗುತ್ತದೆ. ಪಂಪು, ಫಿಲ್ಟರ್ ಎರಡೂ ಇಲ್ಲದ, ಸದಾ ಬಿಸಿಯಲ್ಲಿ ದುಡಿಯುವ ಇಂಜಿನ್‌ಗೆ ಅದು ಕಡಿಮೆಯೇನಲ್ಲ. ಕೆಲವು ತಿಂಗಳು ಮೋವರ್ ಬಳಸದೆ ಇಡುವವರು ಇಡುವ ಮುಂಚೆಯೇ ಆಯಿಲ್ ಬದಲಿಸುವುದು ಒಳ್ಳೆಯದು. ಹಳೇ ಆಯಿಲ್‌ನಲ್ಲಿರುವ ಆಮ್ಲ ಅಷ್ಟು ತಿಂಗಳು ಬೇರಿಂಗುಗಳ ಮೇಲೆ ಸುಮ್ನೆ ಕೂತಿರುವುದು ತಪ್ಪುತ್ತದೆ.

ಇನ್ನು ಯಾವ ಆಯಿಲ್. ಡಬ್ಬಿಯ ಮೇಲಿನ ಅಂಕೆ ನೋಡಿ ಗಾಬರಿಯಾಗಬೇಕಿಲ್ಲ. ಎಸ್‌ಎಇ 30 (ಎಸ್ಎಇ ಅಂದರೆ ಈ ದರ್ಜೆಗಳನ್ನು ಗೊತ್ತುಮಾಡುವ ಎಂಜಿನಿಯರುಗಳ ಸಂಸ್ಥೆ) ಅಂತ ಒಂಟಿ ಅಂಕೆ ಇದ್ದರೆ ಅದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಮಂದ ಅನ್ನುವುದರ ಗುರುತು. 10ಡಬ್ಲ್ಯೂ-30 ಅಂತ ಇದ್ದರೆ, ಬಿಸಿಯಲ್ಲಿ ಅದೇ 30ರ ಮಂದ, ಚಳಿಯಲ್ಲಿ ಮಾತ್ರ 10ರ ದರ್ಜೆಯ ಆಯಿಲ್‌ನಂತೆ ಸುಲಭವಾಗಿ ಹರಿಯುತ್ತದೆ ಅಂತ ಅರ್ಥ. ಡಬ್ಲ್ಯೂ ಅಂದರೆ ಚಳಿಗಾಲ. ಬೆಚ್ಚಗಿನ ಹವೆಯಲ್ಲಿ, ಅಂದರೆ ಸುಮಾರು 4 ಡಿಗ್ರಿಗಿಂತ ಮೇಲೆ, ಎಸ್‌ಎಇ 30 ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಅದು ಗಟ್ಟಿಯಾಗಿ ಸ್ಟಾರ್ಟ್ ಮಾಡುವ ಹಗ್ಗ ಎಳೆಯುವುದೇ ಕಷ್ಟವಾಗುತ್ತದೆ. 10ಡಬ್ಲ್ಯೂ-30 ಚಳಿಗೂ ಸೆಕೆಗೂ ಹೊಂದಿಕೊಳ್ಳುತ್ತದೆ. ಆದರೆ 27 ಡಿಗ್ರಿಗಿಂತ ಜಾಸ್ತಿ ಸೆಕೆಯಲ್ಲಿ ಆಯಿಲ್ ಸ್ವಲ್ಪ ಹೆಚ್ಚು ಖರ್ಚಾಗಬಹುದು ಅಂತ ಇಂಜಿನ್ ತಯಾರಿಸುವ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ ಕೈಪಿಡಿಗಳು ಎಚ್ಚರಿಸುತ್ತವೆ. ಹೋಂಡಾ ತನ್ನ ಮೋವರ್ ಇಂಜಿನ್‌ಗಳಿಗೆ ಸಾಮಾನ್ಯ ಬಳಕೆಗೆ 10ಡಬ್ಲ್ಯೂ-30ನ್ನೇ ಹೇಳುತ್ತದೆ. ಸಿಂಥೆಟಿಕ್ 5ಡಬ್ಲ್ಯೂ-30 ಚಳಿ, ಬಿಸಿ ಎರಡನ್ನೂ ಚೆನ್ನಾಗಿ ತಡೆಯುತ್ತದೆ. ನಿಮ್ಮ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಡಬ್ಬಿಯ ಮೇಲೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟ್) ಅಂತ ಒಂದು ಗುರುತೂ ಇರುತ್ತದೆ. ಪಕ್ಕದಲ್ಲಿ ಎಸ್‌ಜೆ, ಎಸ್‌ಎಲ್, ಎಸ್‌ಎನ್, ಎಸ್‌ಪಿ ಅನ್ನುವ ಜೋಡಿ ಅಕ್ಷರ. ಎರಡನೇ ಅಕ್ಷರ ಇಂಗ್ಲಿಷ್ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಹೊಸ ಗುಣಮಟ್ಟ. ಎಸ್‌ಎನ್ 2010ರಲ್ಲಿ ಬಂತು, ಎಸ್‌ಪಿ 2020ರಲ್ಲಿ. ಮೋವರ್‌ಗೆ ಎಸ್‌ಜೆ ಅಥವಾ ಅದರ ನಂತರದ ಯಾವುದಾದರೂ ಸಾಕು. ಟೂ ಸ್ಟ್ರೋಕ್ ಆಯಿಲ್ ಮಾತ್ರ ಇಲ್ಲಿಗೆ ಹಾಕಬೇಡಿ. ಅದು ಉರಿದುಹೋಗಲು ಮಾಡಿದ್ದು, ತೊಟ್ಟಿಯಲ್ಲಿ ಕೂತು ದುಡಿಯಲು ಅಲ್ಲ.

ಕೈ ಹಾಕುವ ಮುಂಚೆ ಸ್ಪಾರ್ಕ್ ಪ್ಲಗ್

ಮೋವರನ್ನು ಬಯಲಿನಲ್ಲಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಕೆಲವು ನಿಮಿಷ ಓಡಿಸಿ ಆರಿಸಿ. ಬೆಚ್ಚಗಾದ ಆಯಿಲ್ ತೆಳ್ಳಗಾಗಿ ಬೇಗ ಇಳಿಯುತ್ತದೆ, ತಳದಲ್ಲಿ ಕೂತ ಗಸಿಯೂ ಕದಡಿ ಅದರ ಜೊತೆಗೇ ಬರುತ್ತದೆ. ಆದರೆ ಹುಲ್ಲು ಕತ್ತರಿಸಿ ಮುಗಿದ ತಕ್ಷಣ ಕೈ ಹಾಕಬೇಡಿ. ಆಗ ಸೈಲೆನ್ಸರ್ ಮುಟ್ಟಿದರೆ ಚರ್ಮ ಸುಡುತ್ತದೆ, ಆಯಿಲೂ ಸುಡುವಷ್ಟು ಬಿಸಿ ಇರುತ್ತದೆ.

ಆಮೇಲಿನ ಮೊದಲ ಕೆಲಸ ಸ್ಪಾರ್ಕ್ ಪ್ಲಗ್ಗಿನ ಮೇಲಿನ ರಬ್ಬರ್ ಟೋಪಿಯನ್ನು ಹಿಡಿದು ಎಳೆದು ಬಿಡಿಸುವುದು. ಅದನ್ನು ಪ್ಲಗ್ಗಿಗೆ ತಾಗದಂತೆ ದೂರಕ್ಕೆ ಸರಿಸಿಡಿ. ಇಂಜಿನ್ ಆರಿಸಿದ್ದೀನಲ್ಲ, ಇದು ಯಾಕೆ ಅಂತ ಕೇಳಬಹುದು. ಈ ಇಂಜಿನ್‌ಗೆ ಕಿಡಿ ಹಾರಿಸಲು ಬ್ಯಾಟರಿ ಬೇಕಿಲ್ಲ. ಫ್ಲೈವೀಲಿನಲ್ಲಿ ಅಯಸ್ಕಾಂತ ಇರುತ್ತದೆ. ಅದು ಕಾಯಿಲ್ (ತಂತಿಯ ಸುರುಳಿ) ಪಕ್ಕ ವೇಗವಾಗಿ ಹಾದುಹೋದರೆ ಸಾಕು, ವಿದ್ಯುತ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಬ್ಲೇಡ್ ಇರುವುದು ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿ. ನೀವು ಕೆಳಗೆ ಕೈ ಹಾಕಿ ಬ್ಲೇಡನ್ನು ತಿರುಗಿಸಿದರೆ ಇಂಜಿನ್ನನ್ನೇ ತಿರುಗಿಸಿದಂತೆ. ಒಳಗೆ ಸ್ವಲ್ಪ ಪೆಟ್ರೋಲ್ ಆವಿ ಇದ್ದು ಕಿಡಿ ಬಿದ್ದರೆ ಒಂದೇ ಒಂದು ಹೊಡೆತ ಸಾಕು, ಬೆರಳು ಹೋಗುತ್ತದೆ. ಹ್ಯಾಂಡಲ್‌ನ ಸ್ವಿಚ್ಚನ್ನು ನಂಬಿಕೊಂಡು ಬ್ಲೇಡ್ ಹತ್ತಿರ ಹೋಗಬಾರದು. ಟೋಪಿ ಬಿಚ್ಚಲು ಎರಡು ಸೆಕೆಂಡ್ ಸಾಕು. ಇದರಲ್ಲಿ ರಿಯಾಯಿತಿ ಇಲ್ಲ.

ಪೆಟ್ರೋಲ್ ಟ್ಯಾಂಕ್ ಆದಷ್ಟು ಖಾಲಿ ಇರಲಿ. ಪೆಟ್ರೋಲ್ ಮುಗಿಯುತ್ತಾ ಬಂದ ದಿನವೇ ಆಯಿಲ್ ಬದಲಿಸಿದರೆ ಸುಲಭ. ಪೆಟ್ರೋಲ್ ಬರುವ ದಾರಿಯಲ್ಲಿ ಟ್ಯಾಪ್ ಇದ್ದರೆ ಅದನ್ನು ಬಂದ್ ಮಾಡಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತದೆ, ಮೋವರ್ ವಾಲಿಸಿದರೆ ಅಲ್ಲಿಂದ ಪೆಟ್ರೋಲ್ ಸೋರುತ್ತದೆ. ಮುಚ್ಚಳದ ಕೆಳಗೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿದರೆ ಸೋರುವುದು ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಆ ಹಾಳೆ ತೆಗೆಯುವುದು ಮಾತ್ರ ನೆನಪಿರಲಿ. ಬಿಟ್ಟರೆ ಟ್ಯಾಂಕಿಗೆ ಗಾಳಿ ಸಿಗದೆ ಇಂಜಿನ್ ಸ್ವಲ್ಪ ಹೊತ್ತು ಓಡಿ ನಿಂತುಬಿಡುತ್ತದೆ, ಕಾರಣ ಹುಡುಕುತ್ತಾ ಅರ್ಧ ದಿನ ಹೋಗುತ್ತದೆ. ಬೀಡಿ, ಸಿಗರೇಟು, ಬೆಂಕಿ ಏನೂ ಹತ್ತಿರ ಬೇಡ ಅಂತ ಬೇರೆ ಹೇಳಬೇಕಿಲ್ಲ.

ಮುಚ್ಚಳ ಬಿಚ್ಚುವ ಮುಂಚೆ ಅದರ ಸುತ್ತಲಿನ ಹುಲ್ಲು, ಧೂಳನ್ನು ಬಟ್ಟೆಯಿಂದ ಒರೆಸಿ. ಫಿಲ್ಟರ್ ಇಲ್ಲದ ಇಂಜಿನ್‌ಗೆ ಬಿದ್ದ ಮರಳಿನ ಕಣ ಮುಂದಿನ ಆಯಿಲ್ ಚೇಂಜಿನವರೆಗೂ ಒಳಗೇ ಸುತ್ತುತ್ತಿರುತ್ತದೆ.

ಯಾವ ಕಡೆ ವಾಲಿಸಬೇಕು

ಹಳೇ ಆಯಿಲ್ ತೆಗೆಯಲು ಮೂರು ದಾರಿ ಇದೆ. ಕೆಲವು ಮೋವರ್‌ಗಳಲ್ಲಿ ತಳದಲ್ಲಿ ಅಥವಾ ಬದಿಯಲ್ಲಿ ಡ್ರೈನ್ ಬೋಲ್ಟ್ ಇರುತ್ತದೆ. ಕೆಳಗೆ ಅಗಲವಾದ ಪಾತ್ರೆ ಇಟ್ಟು ಅದನ್ನು ಬಿಚ್ಚಿದರೆ ಆಯಿಲ್ ತಾನಾಗಿ ಇಳಿಯುತ್ತದೆ. ಎರಡನೆಯದು ಡಿಪ್‌ಸ್ಟಿಕ್ (ಆಯಿಲ್ ಅಳತೆ ಕಡ್ಡಿ) ಹಾಕುವ ತೂತಿನಿಂದ ಸಣ್ಣ ಪೈಪ್ ಇಳಿಸಿ ಕೈಪಂಪಿನಿಂದ ಹೀರುವುದು. ಇದರಲ್ಲಿ ಕೈ, ನೆಲ ಏನೂ ಗಲೀಜಾಗುವುದಿಲ್ಲ, ವಾಲಿಸುವ ತಾಪತ್ರಯವೂ ಇಲ್ಲ. ತಳದ ಗಸಿ ಪೂರ್ತಿ ಬರುವುದಿಲ್ಲ ಅನ್ನುವುದೊಂದೇ ಕೊರತೆ. ಮೂರನೆಯದು, ತುಂಬಾ ಜನ ಮಾಡುವುದು, ಮೋವರನ್ನು ಪಕ್ಕಕ್ಕೆ ವಾಲಿಸಿ ಆಯಿಲ್ ಹಾಕುವ ಬಾಯಿಯಿಂದಲೇ ಸುರಿಸುವುದು.

ವಾಲಿಸುವಾಗ ನೋಡಬೇಕಾದದ್ದು ಏರ್ ಫಿಲ್ಟರ್ ಮತ್ತು ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಭಾಗ) ಇರುವ ಬದಿ. ಆ ಬದಿ ಮೇಲಕ್ಕೆ, ಆಕಾಶದ ಕಡೆ ಇರಬೇಕು. ಕೆಳಗೆ ಬಂದರೆ ಆಯಿಲ್ ಸಿಕ್ಕ ಸಿಕ್ಕ ಸಂದಿಯಿಂದ ಅತ್ತ ಹರಿಯುತ್ತದೆ. ಇಂಜಿನ್ನಿನ ಉಸಿರಾಟದ ನಳಿಗೆಯೊಂದು ತೊಟ್ಟಿಯಿಂದ ಏರ್ ಫಿಲ್ಟರ್ ಕಡೆಗೆ ಹೋಗಿರುತ್ತದೆ. ಅದರ ಮೂಲಕ ಆಯಿಲ್ ನುಗ್ಗಿ ಕಾಗದದ ಫಿಲ್ಟರನ್ನು ನೆನೆಸಿಬಿಡುತ್ತದೆ. ನೆನೆದ ಕಾಗದದ ಫಿಲ್ಟರ್ ಗಾಳಿ ಬಿಡುವುದಿಲ್ಲ, ತೊಳೆದರೆ ಸರಿಯಾಗುವುದೂ ಇಲ್ಲ, ಹೊಸದೇ ಹಾಕಬೇಕು. ಕೆಲವು ಇಂಜಿನ್‌ಗಳ ಕೈಪಿಡಿಯಲ್ಲಿ ಸ್ಪಾರ್ಕ್ ಪ್ಲಗ್ ಇರುವ ತುದಿಯೂ ಮೇಲಿರಲಿ ಅಂತ ಹೇಳಿರುತ್ತಾರೆ, ಅಲ್ಲೂ ಕಾರಣ ಇದೇ. ಏರ್ ಫಿಲ್ಟರ್ ಮೇಲಿರಿಸಿದರೆ ಆಯಿಲ್ ಬಾಯಿಯೂ ಮೇಲಕ್ಕೇ ಹೋಗುತ್ತದೆ ಅಂತಾದರೆ ನಿಮ್ಮ ಯಂತ್ರ ವಾಲಿಸಿ ಸುರಿಸಲು ಮಾಡಿದ್ದಲ್ಲ. ಡ್ರೈನ್ ಬೋಲ್ಟ್ ಹುಡುಕಿ, ಇಲ್ಲವೇ ಪಂಪ್ ಬಳಸಿ.

ಯಾರೋ ಗೊತ್ತಿಲ್ಲದೆ ತಪ್ಪು ಬದಿಗೆ ಮಲಗಿಸಿದ್ದ ಮೋವರ್ ನಿಮ್ಮ ಕೈಗೆ ಬಂದರೆ ಗುರುತು ಸುಲಭ. ಹಗ್ಗ ಎಳೆದರೆ ಅರ್ಧಕ್ಕೇ ಗಟ್ಟಿಯಾಗಿ ನಿಲ್ಲುತ್ತದೆ. ಸಿಲಿಂಡರಿಗೆ ಆಯಿಲ್ ಹೋಗಿ ಕೂತಿದೆ ಅಂತ ಅರ್ಥ. ಗಾಳಿಯನ್ನು ಅದುಮಬಹುದು, ಆಯಿಲನ್ನು ಅದುಮಲಾಗುವುದಿಲ್ಲ. ಬಲವಂತ ಮಾಡಿ ಎಳೆದರೆ ರಾಡ್ ಬಗ್ಗಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ವೈರನ್ನು ದೂರ ಸರಿಸಿ, ತೂತಿನ ಎದುರು ಹಳೇ ಬಟ್ಟೆ ಅಡ್ಡ ಇಟ್ಟು, ಮುಖ ಪಕ್ಕಕ್ಕೆ ಮಾಡಿಕೊಂಡು ಹಗ್ಗವನ್ನು ನಿಧಾನವಾಗಿ ಹಲವು ಸಲ ಎಳೆಯಿರಿ. ಆಯಿಲ್ ಚಿಮ್ಮಿ ಹೊರಬರುತ್ತದೆ. ಪ್ಲಗ್ ಒರೆಸಿ ಮತ್ತೆ ಹಾಕಿ, ಫಿಲ್ಟರ್ ನೋಡಿ, ಸ್ಟಾರ್ಟ್ ಮಾಡಿ. ಕೆಲವು ನಿಮಿಷ ದಟ್ಟ ಬಿಳಿ ಹೊಗೆ ಬಂದು ಆಮೇಲೆ ನಿಲ್ಲುತ್ತದೆ.

ಇಳಿದು ಬಂದ ಆಯಿಲನ್ನು ತಕ್ಷಣ ಮುಚ್ಚಿಡಬೇಡಿ, ಬೆಳಕಿನಲ್ಲಿ ಒಮ್ಮೆ ನೋಡಿ. ಇಂಜಿನ್ ಬಿಚ್ಚದೆಯೇ ಅದರ ಒಳಗಿನ ಸಮಾಚಾರ ಗೊತ್ತಾಗುವುದು ಇಲ್ಲೇ. ಕಪ್ಪು ಅಥವಾ ಗಾಢ ಕಂದು ಸಹಜ. ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ ನೀರು ಸೇರಿದೆ. ಮಳೆಯಲ್ಲಿ ನಿಂತಿತ್ತಾ, ತೊಳೆಯುವಾಗ ನೀರು ಹೊಕ್ಕಿತಾ ನೋಡಿ. ಪೆಟ್ರೋಲ್ ವಾಸನೆ ಗಾಢವಾಗಿದ್ದು, ಹಾಕಿದ್ದಕ್ಕಿಂತ ಜಾಸ್ತಿ ಆಯಿಲ್ ಹೊರಬಂದರೆ ಕಾರ್ಬ್ಯುರೇಟರ್ ಸೋರುತ್ತಿದೆ. ಒಳಗಿನ ಫ್ಲೋಟ್ ಸೂಜಿ ಸರಿಯಾಗಿ ಮುಚ್ಚದೆ ಪೆಟ್ರೋಲ್ ಸಿಲಿಂಡರ್ ಮೂಲಕ ತೊಟ್ಟಿಗೆ ಇಳಿಯುತ್ತಿದೆ. ಇದನ್ನು ಸರಿಮಾಡಿಸದೆ ಹೊಸ ಆಯಿಲ್ ಹಾಕಿದರೆ ಅದೂ ತೆಳ್ಳಗಾಗುತ್ತದೆ. ಹೊಸ ಇಂಜಿನ್ನಿನ ಮೊದಲ ಆಯಿಲ್‌ನಲ್ಲಿ ನವಿರಾದ ಬೂದು ಹೊಳಪು ಕಂಡರೆ ಹೆದರಬೇಡಿ, ಹೊಂದಾಣಿಕೆಯ ಪುಡಿ ಅದು. ಹಳೇ ಇಂಜಿನ್‌ನಲ್ಲಿ ಬೆರಳಿಗೆ ಸಿಗುವಂಥ ಲೋಹದ ಚೂರು ಕಂಡರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ.

ಡಿಪ್‌ಸ್ಟಿಕ್ ಓದುವುದು

ಡ್ರೈನ್ ಬೋಲ್ಟ್ ಬಿಚ್ಚಿದ್ದರೆ ವಾಷರ್ ನೋಡಿ ಮತ್ತೆ ಹಾಕಿ ಬಿಗಿ ಮಾಡಿ. ಅಲ್ಯೂಮಿನಿಯಂ ಥ್ರೆಡ್ ಮೆದು, ಮೈಮೇಲಿನ ಬಲವೆಲ್ಲ ಹಾಕಿ ತಿರುಗಿಸಿದರೆ ಹಾಳಾಗುತ್ತದೆ.

ಮೋವರ್ ಸಮತಟ್ಟಾಗಿ ನಿಂತಿರಲಿ. ತಳ್ಳುವ ಮೋವರ್‌ಗಳಿಗೆ ಸಾಮಾನ್ಯವಾಗಿ 0.5ರಿಂದ 0.6 ಲೀಟರ್ ಆಯಿಲ್ ಹಿಡಿಯುತ್ತದೆ. ಡಬ್ಬಿಯನ್ನು ಬಗ್ಗಿಸಿ ಒಂದೇ ಸಲ ಸುರಿಯಬೇಡಿ. ಎಷ್ಟೇ ಇಳಿಸಿದರೂ ಹಳೇ ಆಯಿಲ್ ಸ್ವಲ್ಪ ಒಳಗೇ ಉಳಿದಿರುತ್ತದೆ, ಹಾಗಾಗಿ ಕೈಪಿಡಿಯಲ್ಲಿ ಹೇಳಿದ ಪೂರ್ತಿ ಅಳತೆ ಹಿಡಿಯದೇ ಇರಬಹುದು. ಲಾಳಿಕೆ ಇಟ್ಟು ಮುಕ್ಕಾಲು ಪಾಲು ಹಾಕಿ, ಒಂದೆರಡು ನಿಮಿಷ ಬಿಡಿ. ಆಯಿಲ್ ಗೋಡೆಗಳಿಂದ ಇಳಿದು ತಳ ಸೇರಲಿ.

ಈಗ ಡಿಪ್‌ಸ್ಟಿಕ್. ಮುಚ್ಚಳದ ಕೆಳಗೆ ನೇತಾಡುವ ಚಪ್ಪಟೆ ಕಡ್ಡಿ, ಅದರ ತುದಿಯಲ್ಲಿ ಎರಡು ಗುರುತು, ನಡುವೆ ಅಡ್ಡಗೆರೆಗಳು. ಮೇಲಿನ ಗುರುತು ಪೂರ್ತಿ, ಕೆಳಗಿನದು ತೀರಾ ಕಡಿಮೆ. ಕಡ್ಡಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಒಳಗೆ ಇಳಿಸಿ, ಹೊರಗೆ ತೆಗೆದು ಅಡ್ಡವಾಗಿ ಹಿಡಿದು ನೋಡಿ. ಹೊಸ ಆಯಿಲ್ ಜೇನಿನ ಬಣ್ಣದ್ದು, ತೆಳ್ಳಗೆ ಮೆತ್ತಿಕೊಂಡಿರುತ್ತದೆ, ನೆರಳಿನಲ್ಲಿ ಎಲ್ಲಿಯವರೆಗೆ ಒದ್ದೆ ಅಂತ ಗೊತ್ತಾಗುವುದೇ ಇಲ್ಲ. ಬಿಸಿಲಿನ ಕಡೆ ಸ್ವಲ್ಪ ಓರೆ ಮಾಡಿ ಹಿಡಿದರೆ ಒದ್ದೆ ಭಾಗ ಹೊಳೆಯುತ್ತದೆ. ಒಂದು ಬದಿಯಲ್ಲಿ ಮೇಲಕ್ಕೂ ಇನ್ನೊಂದು ಬದಿಯಲ್ಲಿ ಕೆಳಕ್ಕೂ ಇದ್ದರೆ ಕಡ್ಡಿ ಇಳಿಸುವಾಗ ನಳಿಗೆಯ ಗೋಡೆಗೆ ಸವರಿದೆ. ಒರೆಸಿ ಮತ್ತೆ ನೋಡಿ, ಕೆಳಗಿರುವುದನ್ನೇ ನಂಬಿ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಅಳೆಯುವಾಗ ಮುಚ್ಚಳವನ್ನು ತಿರುಗಿಸಿ ಬಿಗಿಮಾಡಿ ನೋಡಬೇಕಾ, ಸುಮ್ನೆ ಮೇಲಿಟ್ಟು ನೋಡಬೇಕಾ? ಎರಡೂ ಬಗೆಯ ಇಂಜಿನ್ ಇವೆ. ಬ್ರಿಗ್ಸ್ ಅಂಡ್ ಸ್ಟ್ರಾಟನ್‌ನ ಅನೇಕ ಇಂಜಿನ್‌ಗಳಲ್ಲಿ ಬಿಗಿಮಾಡಿ ತೆಗೆದು ನೋಡಬೇಕು. ಹೋಂಡಾದ ಮೋವರ್ ಇಂಜಿನ್‌ಗಳಲ್ಲಿ ತಿರುಗಿಸದೆ ಇಳಿಸಿ ನೋಡಬೇಕು. ವ್ಯತ್ಯಾಸ ಥ್ರೆಡ್ಡಿನ ಎತ್ತರದಷ್ಟೇ. ಆದರೆ ಎರಡು ಗುರುತುಗಳ ನಡುವಿನ ಅಂತರವೇ ಅಷ್ಟು ಚಿಕ್ಕದಾಗಿರುವಾಗ ಅದು ದೊಡ್ಡ ವ್ಯತ್ಯಾಸ. ತಿರುಗಿಸಬಾರದ ಕಡೆ ತಿರುಗಿಸಿದರೆ ಕಡ್ಡಿ ಆಳಕ್ಕೆ ಇಳಿದು ಆಯಿಲ್ ಜಾಸ್ತಿ ಇರುವಂತೆ ತೋರುತ್ತದೆ, ನೀವು ಕಡಿಮೆ ಹಾಕಿ ನಿಲ್ಲಿಸುತ್ತೀರಿ. ತಿರುಗಿಸಬೇಕಾದ ಕಡೆ ಬಿಟ್ಟರೆ ಕಡಿಮೆ ಇರುವಂತೆ ತೋರುತ್ತದೆ, ಜಾಸ್ತಿ ಹಾಕುತ್ತೀರಿ. ನಿಮ್ಮದು ಯಾವ ಬಗೆ ಅಂತ ಕೈಪಿಡಿಯಲ್ಲಿ ಒಮ್ಮೆ ನೋಡಿ, ಮುಚ್ಚಳದ ಪಕ್ಕದಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿಡಿ.

ಉಳಿದದ್ದನ್ನು ಚೂರುಚೂರೇ ಹಾಕುತ್ತಾ, ಪ್ರತಿ ಸಲ ನೋಡುತ್ತಾ ಮೇಲಿನ ಗುರುತಿನವರೆಗೆ ತನ್ನಿ. ಗುರುತು ದಾಟಬಾರದು. ಕಡಿಮೆಯಾದರೆ ಏನಾಗುತ್ತದೆ ಅಂತ ಆಗಲೇ ನೋಡಿದೆವು, ಎರಚುವ ರೆಕ್ಕೆಗೆ ಆಯಿಲ್ ಎಟುಕುವುದಿಲ್ಲ. ಇಳಿಜಾರಿನಲ್ಲಿ ಕತ್ತರಿಸುವಾಗಲಂತೂ ಇದ್ದ ಆಯಿಲೂ ಒಂದು ಮೂಲೆಗೆ ಸರಿದುಬಿಡುತ್ತದೆ. ಜಾಸ್ತಿ ಹಾಕಿದರೆ ಒಳ್ಳೆಯದೇ ಅಲ್ವಾ ಅನ್ನುವ ಯೋಚನೆಯೂ ತಪ್ಪು. ಒಳಗೆ ತಿರುಗುವ ಭಾಗಗಳು ಆಯಿಲ್‌ನಲ್ಲಿ ಮುಳುಗಿ ಅದನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಲ್ಲಿ ಅರ್ಧ ಗಾಳಿ, ಅದು ಲೋಹವನ್ನು ಕಾಪಾಡುವುದಿಲ್ಲ. ಹೆಚ್ಚಾದ ಆಯಿಲ್ ಉಸಿರಾಟದ ನಳಿಗೆಯಿಂದ ಏರ್ ಫಿಲ್ಟರ್ ಸೇರಿ, ಅಲ್ಲಿಂದ ಸಿಲಿಂಡರಿಗೆ ಹೋಗಿ ಉರಿದು ನೀಲಿ ಮಿಶ್ರಿತ ಬಿಳಿ ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್ ಮಸಿ ಕಟ್ಟುತ್ತದೆ. ಜಾಸ್ತಿಯಾಗಿದ್ದರೆ ಹೆಚ್ಚಿನದನ್ನು ಹೀರಿ ತೆಗೆಯಿರಿ. ಓಡಿಸಿದರೆ ತಾನಾಗಿ ಖರ್ಚಾಗುತ್ತದೆ ಅಂತ ಬಿಡಬೇಡಿ.

ಮುಚ್ಚಳ ಬಿಗಿಮಾಡಿ, ಚೆಲ್ಲಿದ್ದನ್ನು ಒರೆಸಿ, ಪ್ಲಗ್ಗಿನ ಟೋಪಿ ಟಕ್ ಅನ್ನುವಂತೆ ಒತ್ತಿ ಹಾಕಿ. ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿ, ಬೋಲ್ಟ್ ಹತ್ತಿರ ಜಿನುಗುತ್ತಿದೆಯಾ ನೋಡಿ. ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಮತ್ತೊಮ್ಮೆ ನೋಡಿ. ಇನ್ನು ಮುಂದೆ ಪ್ರತಿ ಸಲ ಹುಲ್ಲು ಕತ್ತರಿಸುವ ಮುಂಚೆ ಮಟ್ಟ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಗಾಳಿಯಿಂದ ತಣ್ಣಗಾಗುವ ಇಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ, ಅರ್ಧ ಲೀಟರಿನಲ್ಲಿ ಆ ಸ್ವಲ್ಪವೂ ದೊಡ್ಡದೇ.

ಕೂತು ಓಡಿಸುವ ದೊಡ್ಡ ಮೋವರ್‌ಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಸುಮಾರು ಒಂದೂವರೆಯಿಂದ ಎರಡು ಲೀಟರ್ ಹಿಡಿಯುತ್ತದೆ, ಅನೇಕವುಗಳಲ್ಲಿ ಪಂಪು, ಫಿಲ್ಟರ್ ಎರಡೂ ಇರುತ್ತವೆ. ಫಿಲ್ಟರ್ ಬದಲಿಸುವಾಗ ಹೊಸದರ ರಬ್ಬರ್ ಉಂಗುರಕ್ಕೆ ಬೆರಳಿನಿಂದ ಸ್ವಲ್ಪ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ ಬಿಗಿಮಾಡಿದರೆ ಸಾಕು. ಆಯಿಲ್ ಬದಲಿಸುವುದೇ ಬೇಡ, ಕಡಿಮೆಯಾದಾಗ ಸೇರಿಸುತ್ತಾ ಹೋಗಿ ಅನ್ನುವ ಇಂಜಿನ್‌ಗಳನ್ನೂ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಮಾರುತ್ತದೆ. ನಿಮ್ಮದು ಅಂಥದ್ದಾದರೂ ಮಟ್ಟ ನೋಡುವ ಕೆಲಸ ತಪ್ಪುವುದಿಲ್ಲ.

ಹಳೇ ಆಯಿಲ್

ಪಾತ್ರೆಯಲ್ಲಿ ಉಳಿದ ಕಪ್ಪು ಆಯಿಲನ್ನು ಗಿಡದ ಬುಡಕ್ಕೋ ಚರಂಡಿಗೋ ಸುರಿಯಬೇಡಿ. ಕಳೆ ಸಾಯಲಿ ಅಂತ ಹಾಕುವವರಿದ್ದಾರೆ. ಕಳೆಯ ಜೊತೆ ಆ ಮಣ್ಣೂ ಸಾಯುತ್ತದೆ, ಆಯಿಲ್ ಮಳೆಯಲ್ಲಿ ಕೊಚ್ಚಿ ನೀರು ಸೇರುತ್ತದೆ. ಒಂದು ಸಲ ಆಯಿಲ್ ಬದಲಿಸಿದಾಗ ಬರುವ ಹಳೇ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಹೇಳುತ್ತದೆ. ಅದು ಕಾರಿನ ಲೆಕ್ಕ. ಮೋವರ್‌ನಿಂದ ಬರುವುದು ಅದಕ್ಕಿಂತ ಕಡಿಮೆಯಾದರೂ ಅದೂ ಕೆಡಿಸುವುದು ನೀರನ್ನೇ. ಸುಡುವುದೂ ಬೇಡ, ಆ ಹೊಗೆಯಲ್ಲಿ ಲೋಹದ ಕಣಗಳಿರುತ್ತವೆ. ಹಳೇ ಆಯಿಲ್ ಪದೇ ಪದೇ ಚರ್ಮಕ್ಕೆ ತಾಗುವುದು ಒಳ್ಳೆಯದಲ್ಲ, ಕೆಲಸ ಪೂರ್ತಿ ಕೈಗವಸು ಇರಲಿ, ತಾಗಿದರೆ ಸೋಪು ಹಾಕಿ ತೊಳೆಯಿರಿ.

ಹೊಸ ಆಯಿಲ್ ಬಂದ ಡಬ್ಬಿ ಈಗ ಖಾಲಿ ಇದೆಯಲ್ಲ, ಹಳೆಯದನ್ನು ಲಾಳಿಕೆಯಿಂದ ಅದಕ್ಕೇ ತುಂಬಿ ಮುಚ್ಚಳ ಬಿಗಿಮಾಡಿ, ಮೇಲೆ ಹಳೇ ಆಯಿಲ್ ಅಂತ ದೊಡ್ಡದಾಗಿ ಬರೆಯಿರಿ. ಯಾರೂ ಹೊಸದು ಅಂತ ತಿಳಿದು ಬಳಸಬಾರದು. ಅದಕ್ಕೆ ಪೆಟ್ರೋಲ್, ಥಿನ್ನರ್, ಕೂಲಂಟ್ ಏನನ್ನೂ ಬೆರೆಸಬೇಡಿ. ಬೆರೆತರೆ ಮರುಬಳಕೆಗೆ ತೆಗೆದುಕೊಳ್ಳುವವರು ಬೇಡ ಅನ್ನುತ್ತಾರೆ. ಶುದ್ಧವಾಗಿ ಉಳಿದ ಹಳೇ ಆಯಿಲನ್ನು ಸಂಸ್ಕರಿಸಿ ಮತ್ತೆ ಇಂಜಿನ್ ಆಯಿಲನ್ನೇ ಮಾಡಬಹುದು. ವಾಹನಗಳ ಆಯಿಲ್ ಬದಲಿಸುವ ಗ್ಯಾರೇಜುಗಳು ತಮ್ಮ ಹಳೇ ಆಯಿಲನ್ನು ಡ್ರಮ್ಮಿನಲ್ಲಿ ಸೇರಿಸಿಟ್ಟು ಮರುಬಳಕೆಯವರಿಗೆ ಕೊಡುತ್ತವೆ. ನಿಮ್ಮ ಅರ್ಧ ಲೀಟರನ್ನೂ ಅದಕ್ಕೆ ಸುರಿದುಕೊಳ್ಳುತ್ತೀರಾ ಅಂತ ಒಮ್ಮೆ ಕೇಳಿ ನೋಡಿ.